ಊರಿಗೊಂದು ನಿಲುವು: ಒಡಕಿನ ವಿಷಯಗಳ ರಾಜಕೀಯ ಅಧ್ಯಯನ ನಡೆದು ಬಂದ ದಾರಿ

ಚುನಾವಣೆಯಲ್ಲಿ ಚರ್ಚೆಗೆ ಬರುವ ವಿಷಯಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ವಿಷಯಗಳಲ್ಲಿ ಗುರಿಯ ಬಗ್ಗೆ ಯಾರದೂ ತಕರಾರಿಲ್ಲ. ಅದನ್ನು ಯಾರು ಮಾಡಿಕೊಡುತ್ತಾರೆ ಎಂಬುದಷ್ಟೇ ಪ್ರಶ್ನೆ. ಇನ್ನು ಕೆಲವು ವಿಷಯಗಳಲ್ಲಿ ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರ ಕೈತಪ್ಪಿದ್ದೇ ಆಗಿರುತ್ತದೆ. ಅಮೆರಿಕದ ರಾಜ್ಯಶಾಸ್ತ್ರಜ್ಞ ಡೊನಾಲ್ಡ್ ಸ್ಟೋಕ್ಸ್ 1963ರ ಲೇಖನವೊಂದರಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಬಿಡಿಸಿಟ್ಟರು. ಮೊದಲನೆಯದನ್ನು ಒಮ್ಮತದ ವಿಷಯ, ಎರಡನೆಯದನ್ನು ಒಡಕಿನ ವಿಷಯ ಎನ್ನಬಹುದು. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇವೆ.

ಅರಸೀಕೆರೆಯ ಕೊಬ್ಬರಿ ಒಮ್ಮತದ ವಿಷಯ. ಇಲ್ಲಿನದು ಉಂಡೆ ಕೊಬ್ಬರಿ. ಕಿತ್ತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೆ ಎಂಟು ಹತ್ತು ತಿಂಗಳು ಕಾಯಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆಗೆ ಪೆಟ್ಟಾಗದಂತೆ ತೆಗೆದು ಮಾರುಕಟ್ಟೆಗೆ ಹಾಕಬೇಕು. ಒಂದು ವರ್ಷದ ಫಸಲು ಅಟ್ಟದ ಮೇಲೆ ಕೂತಿರುವಾಗ ದರ ಬಿದ್ದರೆ ರೈತನ ಕೈಯಲ್ಲಿ ಏನೂ ಉಳಿಯುವುದಿಲ್ಲ. 2023ರಲ್ಲಿ ಆದದ್ದು ಇದೇ. ಕೇಂದ್ರ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ ಪೇಟೆ ದರ ಅದಕ್ಕಿಂತ ಬಹಳ ಕೆಳಗಿಳಿಯಿತು. ರಾಜ್ಯ ಸರ್ಕಾರ ಮೊದಲು 1,250, ನಂತರ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಮೂರೂ ಪಕ್ಷಗಳು ದರ ಹೆಚ್ಚಿಸಿ ಎಂದೇ ಹೇಳಿದವು. ಜಗಳ ನಡೆದದ್ದು ತಡ ಮಾಡಿದವರು ಯಾರು ಎಂಬುದರ ಮೇಲೆ. ಇಂಥ ವಿಷಯ ಪಕ್ಷಗಳಿಗೆ ಸುಲಭ. ಅಧ್ಯಯನಕಾರರನ್ನು ಕಾಡಿದ್ದು ಎರಡನೆಯ ಬಗೆಯ ವಿಷಯ.

ಮೈಸೂರು ಸೀಮೆಯಲ್ಲಿ ಒಡಕಿನ ವಿಷಯದ ಚರಿತ್ರೆ ಚುನಾವಣೆಗಳಿಗಿಂತ ಹಳೆಯದು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರ ಪಾಲು ಎಷ್ಟಿರಬೇಕು ಎಂಬ ಪ್ರಶ್ನೆಯನ್ನು ಪ್ರಜಾಮಿತ್ರ ಮಂಡಳಿ 1917ರಿಂದ ಎತ್ತಿತು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಗೆ ಅದನ್ನು ಒಪ್ಪಿಸಿದರು. ಇದಕ್ಕೆ ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಅದೇ ವರ್ಷದ ಕೊನೆಗೆ ಹುದ್ದೆ ಬಿಟ್ಟರು. ಬಿಸಿಯಾದ ಪ್ರಶ್ನೆಯನ್ನು ಸಮಿತಿಯ ಕೈಗಿಟ್ಟು, ವರದಿ ಬರುವವರೆಗೆ ಕಾಲ ಪಡೆಯುವ ಪದ್ಧತಿ ಈ ನಾಡಿಗೆ ಬಂದದ್ದು ಹೀಗೆ. ಮುಂದಿನ ನೂರು ವರ್ಷದಲ್ಲಿ ಎಲ್ಲ ಪಕ್ಷಗಳೂ ಅದನ್ನು ಬಳಸಿದವು.

ಶಾಸ್ತ್ರೀಯ ಅಧ್ಯಯನ ಶುರುವಾದದ್ದು ಹಳ್ಳಿಯಿಂದ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿ, ಅದಕ್ಕೆ ರಾಮಪುರ ಎಂದು ಹೆಸರಿಟ್ಟು ಬರೆದರು. ‘ಪ್ರಬಲ ಜಾತಿ’, ‘ವೋಟ್ ಬ್ಯಾಂಕ್’ ಎಂಬ ಎರಡು ಮಾತುಗಳು ಅಲ್ಲಿಂದ ಹೊರಟು ದೇಶವೆಲ್ಲ ಹರಡಿದವು. ಎರಡನೆಯ ಮಾತು ಇಂದು ಇಡೀ ಜಾತಿ ಅಥವಾ ಧರ್ಮದ ಮತಗಳಿಗೆ ಬಳಕೆಯಾಗುತ್ತಿದೆ. ಶ್ರೀನಿವಾಸ್ 1955ರಲ್ಲಿ ಬಳಸಿದ ಅರ್ಥ ಬೇರೆ: ಸಾಲ, ಗೇಣಿ, ಉಪಕಾರಗಳ ಋಣದಲ್ಲಿದ್ದವರ ಮತವನ್ನು ಹಿಡಿದಿಟ್ಟುಕೊಂಡ ಊರಿನ ಯಜಮಾನ, ಅವನ ಹಿಂದಿನ ಗುಂಪು. ಆ ಗುಂಪಿನಲ್ಲಿ ಹಲವು ಜಾತಿಗಳಿದ್ದವು. ಮೂಲ ಅರ್ಥ ಕಳೆದುಹೋದದ್ದು ದೊಡ್ಡ ನಷ್ಟ. ಯಾಕೆಂದರೆ ಯಜಮಾನನ ಮೂಲಕ ಮತ ಬೀಳುವ ಕಡೆ ನೀತಿಯ ಪ್ರಶ್ನೆ ಮತದಾರನವರೆಗೆ ಬರುವುದೇ ಇಲ್ಲ ಎಂಬ ಮುಖ್ಯ ಸೂಚನೆ ಅದರಲ್ಲಿತ್ತು. ಮಂಡ್ಯ ಸೀಮೆಯಲ್ಲಿ ನಾಲೆ ಬಂದ ಊರನ್ನೂ ನಾಲೆ ಮುಟ್ಟದ ಊರನ್ನೂ ಹೋಲಿಸಿ ಸ್ಕಾರ್ಲೆಟ್ ಎಪ್‌ಸ್ಟೀನ್ 1962ರಲ್ಲಿ ಪ್ರಕಟಿಸಿದ ಪುಸ್ತಕ ಇನ್ನೊಂದು ಬಾಗಿಲು ತೆರೆಯಿತು. ನೀರು ಬಂದಲ್ಲಿ ಕೃಷಿಯಷ್ಟೇ ಅಲ್ಲ, ಊರಿನೊಳಗಿನ ಸಂಬಂಧಗಳೂ ಬೇರೆಯಾಗುತ್ತವೆ ಎಂದು ಅದು ತೋರಿಸಿತು. ಅರಸೀಕೆರೆ ಸೀಮೆಯನ್ನು ಅರಿಯಲು ಶ್ರೀನಿವಾಸರಿಗಿಂತ ಎಪ್‌ಸ್ಟೀನ್ ಹೆಚ್ಚು ಉಪಯುಕ್ತ.

ಹಳ್ಳಿಯಿಂದ ರಾಜ್ಯದ ಮಟ್ಟಕ್ಕೆ ದೃಷ್ಟಿಯನ್ನು ಎತ್ತಿದವರು ಜೇಮ್ಸ್ ಮ್ಯಾನರ್. 1917ರಿಂದ 1955ರವರೆಗಿನ ಮೈಸೂರಿನ ರಾಜಕೀಯದ ಬಗ್ಗೆ 1977ರಲ್ಲಿ ಬಂದ ಅವರ ಪುಸ್ತಕ ಇಂದಿಗೂ ಆಧಾರಗ್ರಂಥ. ಆ ಅವಧಿಯ ಕೊನೆಯ ದೊಡ್ಡ ಒಡಕು ಏಕೀಕರಣದ್ದು. ಭಾಷೆಯ ಅಭಿಮಾನ ಒಂದು ಕಡೆ. ಉತ್ತರದ ಜಿಲ್ಲೆಗಳು ಸೇರಿದರೆ ಲಿಂಗಾಯತರ ಸಂಖ್ಯೆ ಹೆಚ್ಚಿ ಒಕ್ಕಲಿಗರ ಹಿಡಿತ ತಪ್ಪುತ್ತದೆ ಎಂಬ ಹಳೇ ಮೈಸೂರಿನ ನಾಯಕರ ಅಳುಕು ಇನ್ನೊಂದು ಕಡೆ. ಕಾಂಗ್ರೆಸ್ಸಿನೊಳಗೇ ಎರಡು ಪಾಳಯವಾಯಿತು. 1956ರಲ್ಲಿ ಎಸ್. ನಿಜಲಿಂಗಪ್ಪ ಹೊಸ ರಾಜ್ಯದ ಮುಖ್ಯಮಂತ್ರಿಯಾದರು, ಪಕ್ಷ ಒಡೆಯಲಿಲ್ಲ. ಒಡಕಿನ ವಿಷಯ ಎರಡು ಪಕ್ಷಗಳ ನಡುವೆ ಗೆರೆ ಎಳೆಯುತ್ತದೆ ಎಂದು ಪಶ್ಚಿಮದ ಸಿದ್ಧಾಂತಗಳು, ಮುಖ್ಯವಾಗಿ ಲಿಪ್‌ಸೆಟ್ ಮತ್ತು ರೊಕ್ಕಾನ್ 1967ರಲ್ಲಿ ಮಂಡಿಸಿದ ವಾದ, ಹೇಳುತ್ತಿದ್ದಾಗ ಇಲ್ಲಿ ಗೆರೆ ಪಕ್ಷದೊಳಗೇ ಬೀಳುತ್ತಿತ್ತು. ರಜನಿ ಕೊಠಾರಿ ಸಂಪಾದಿಸಿದ 1970ರ ಸಂಪುಟ ಜಾತಿ ಮತ್ತು ಪಕ್ಷ ಒಂದನ್ನೊಂದು ಹೇಗೆ ಬಳಸಿಕೊಳ್ಳುತ್ತವೆ ಎಂಬುದನ್ನು ದೇಶದ ಮಟ್ಟದಲ್ಲಿ ವಿವರಿಸಿತು.

ನೀತಿಯೇ ಅಧ್ಯಯನದ ಕೇಂದ್ರಕ್ಕೆ ಬಂದದ್ದು ದೇವರಾಜ ಅರಸು ಕಾಲದಲ್ಲಿ. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಫಾರಂ ನಂಬರ್ 7 ತುಂಬಿ ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ಹಾಕಬೇಕಿತ್ತು. ಅತುಲ್ ಕೊಹ್ಲಿ 1987ರ ಪುಸ್ತಕದಲ್ಲಿ ಪಶ್ಚಿಮ ಬಂಗಾಳ, ಉತ್ತರ ಪ್ರದೇಶಗಳ ಜೊತೆ ಕರ್ನಾಟಕವನ್ನಿಟ್ಟು ಹೋಲಿಸಿ, ಸಂಘಟನೆಯಿಲ್ಲದ ಪಕ್ಷದಿಂದ ಸುಧಾರಣೆ ಅರ್ಧಕ್ಕೇ ನಿಲ್ಲುತ್ತದೆ ಎಂದರು. ಜಿ. ತಿಮ್ಮಯ್ಯ ಮತ್ತು ಅಬ್ದುಲ್ ಅಜೀಜ್ ಆ ಸುಧಾರಣೆಯ ರಾಜಕೀಯ ಅರ್ಥಶಾಸ್ತ್ರವನ್ನು ಬರೆದರು. ಲಲಿತಾ ನಟರಾಜ್ ಮತ್ತು ವಿ.ಕೆ. ನಟರಾಜ್ ಅರಸು ರಾಜಕಾರಣದ ಮಿತಿಗಳನ್ನು ಚರ್ಚಿಸಿದರು. ಈ ಬರಹಗಳಿಂದ ಹೊರಟ ಒಂದು ಅಂಶಕ್ಕೆ ಇನ್ನೂ ಹೆಚ್ಚಿನ ಗಮನ ಸಲ್ಲಬೇಕಿತ್ತು: ಗೇಣಿ ಪದ್ಧತಿ ದಟ್ಟವಾಗಿದ್ದದ್ದು ಕರಾವಳಿ ಮತ್ತು ಮಲೆನಾಡಿನಲ್ಲಿ. ಬಯಲುಸೀಮೆಯಲ್ಲಿ ಸ್ವಂತ ಉಳುಮೆಯವರೇ ಹೆಚ್ಚು. ಜೊತೆಗೆ ಕಾಫಿ, ಏಲಕ್ಕಿ, ಮೆಣಸಿನ ತೋಟಗಳಿಗೆ ಕಾಯ್ದೆಯಲ್ಲಿ ವಿನಾಯಿತಿ ಇತ್ತು. ಬೇಲೂರು ತಾಲ್ಲೂಕಿನ ಮೇಲೆ ಇದನ್ನಿಟ್ಟು ನೋಡಿದರೆ ಚಿತ್ರ ತಿಳಿಯಾಗುತ್ತದೆ. ಪಶ್ಚಿಮಕ್ಕೆ ಅರೇಹಳ್ಳಿ, ಬಿಕ್ಕೋಡಿನ ಕಡೆ ಕಾಫಿ ತೋಟ, ಅಲ್ಲಿ ವಿನಾಯಿತಿ. ಪೂರ್ವಕ್ಕೆ ಹಳೇಬೀಡಿನ ಕಡೆ ಮಳೆಯಾಶ್ರಿತ ಹೊಲ, ಅಲ್ಲಿ ಗೇಣಿಯೇ ವಿರಳ. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಇಡೀ ರಾಜ್ಯಕ್ಕೆ ಒಂದೇ ಆಗಿದ್ದರೂ ಕಾಯ್ದೆಯ ಏಟು ಎಲ್ಲ ಕಡೆ ಒಂದೇ ಆಗಿರಲಿಲ್ಲ. ಪ್ರಬಲರನ್ನು ಎದುರು ಹಾಕಿಕೊಳ್ಳದೆಯೇ ಅವರ ಬಲವಿದ್ದ ಬಯಲಿನಲ್ಲಿ ಕ್ರಾಂತಿಕಾರಿ ಕಾಯ್ದೆಯೊಂದನ್ನು ತರಲು ಸಾಧ್ಯವಾದದ್ದು ಈ ಕಾರಣಕ್ಕೆ.

ಮೀಸಲಾತಿಯಲ್ಲಿ ಆ ಅನುಕೂಲ ಇರಲಿಲ್ಲ. ಎಲ್.ಜಿ. ಹಾವನೂರು ಆಯೋಗದ 1975ರ ವರದಿ ಒಕ್ಕಲಿಗರನ್ನು ಹಿಂದುಳಿದವರ ಪಟ್ಟಿಯಲ್ಲಿ ಇಟ್ಟು ಲಿಂಗಾಯತರನ್ನು ಹೊರಗಿಟ್ಟಿತು. 1986ರ ವೆಂಕಟಸ್ವಾಮಿ ವರದಿ ಒಕ್ಕಲಿಗರನ್ನೂ ಹೊರಗಿಡಲು ಹೇಳಿದಾಗ ಪ್ರತಿಭಟನೆ ಎದ್ದು, ರಾಮಕೃಷ್ಣ ಹೆಗಡೆ ಸರ್ಕಾರ ಅದನ್ನು ಬದಿಗಿಟ್ಟಿತು. ಮತ್ತೊಂದು ಆಯೋಗ ಬಂತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ 1990ರಲ್ಲಿ ವರದಿ ಕೊಟ್ಟರು. ಎರಡೂ ಸಮುದಾಯಗಳು ಗಣನೀಯ ಸಂಖ್ಯೆಯಲ್ಲಿರುವ ಅರಸೀಕೆರೆಯಂಥ ಕ್ಷೇತ್ರದಲ್ಲಿ ಯಾವ ಅಭ್ಯರ್ಥಿಯೂ ಇಂಥ ವರದಿಯ ಪರವಾಗಿಯಾಗಲಿ ವಿರೋಧವಾಗಿಯಾಗಲಿ ಬಾಯಿಬಿಟ್ಟು ಉಳಿಯುವುದು ಕಷ್ಟ. 2023ರ ಮಾರ್ಚಿನಲ್ಲಿ, ಚುನಾವಣೆ ಎದುರಿಗಿರುವಾಗ, ಬಸವರಾಜ ಬೊಮ್ಮಾಯಿ ಸರ್ಕಾರ ಮುಸ್ಲಿಮರ ಶೇ 4ರ ಮೀಸಲಾತಿಯನ್ನು ತೆಗೆದು ಎರಡೂ ಸಮುದಾಯಗಳಿಗೆ ತಲಾ ಶೇ 2 ಹಂಚಿದ್ದು ಇಬ್ಬರನ್ನೂ ಒಟ್ಟಿಗೆ ಒಲಿಸಿಕೊಳ್ಳುವ ಪ್ರಯತ್ನ; ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿ ಅದು ಜಾರಿಗೆ ಬರಲಿಲ್ಲ.

1990ರ ದಶಕದ ಮಧ್ಯದಿಂದ ಅಧ್ಯಯನದ ಸಲಕರಣೆ ಬದಲಾಯಿತು. ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆ ಚುನಾವಣಾ ಸಮೀಕ್ಷೆಗಳನ್ನು ಮತ್ತೆ ಕೈಗೆತ್ತಿಕೊಂಡಿತು, ಅದರ ಲೋಕನೀತಿ ಜಾಲದಲ್ಲಿ ಸಂದೀಪ್ ಶಾಸ್ತ್ರಿ ಮೊದಲಾದವರು ಕರ್ನಾಟಕದ ಮತದಾರರನ್ನು ಮಾತನಾಡಿಸಿ ಪಡೆದ ಅಂಕಿಅಂಶಗಳ ಮೇಲೆ ಬರೆದರು. ಯಜಮಾನ ಹೇಳಿದ ಕಡೆ ಮತ ಬೀಳುತ್ತದೆ ಎಂಬ ಹಳೆಯ ಊಹೆ ಸಡಿಲವಾಯಿತು. ಇ. ರಾಘವನ್ ಮತ್ತು ಮ್ಯಾನರ್ 2009ರಲ್ಲಿ ಅರಸು ಮತ್ತು ಹೆಗಡೆ ಕಾಲವನ್ನು ಒಟ್ಟಿಗೆ ನೋಡಿದರು. ಪ್ರದೀಪ್ ಛಿಬ್ಬರ್ ಮತ್ತು ರಾಹುಲ್ ವರ್ಮಾ 2018ರಲ್ಲಿ ಭಾರತದ ಮತದಾರರಿಗೂ ಸೈದ್ಧಾಂತಿಕ ನಿಲುವುಗಳಿವೆ, ರಾಜ್ಯದ ಪಾತ್ರ ಮತ್ತು ಸಮುದಾಯಗಳ ಮಾನ್ಯತೆ ಎಂಬ ಎರಡು ಪ್ರಶ್ನೆಗಳ ಸುತ್ತ ಅವು ಕಟ್ಟಿಕೊಂಡಿವೆ ಎಂದು ವಾದಿಸಿದರು. ಸಮೀಕ್ಷೆಯ ಬಲ ದೊಡ್ಡದು. ಅದರ ಕೊರತೆಯೂ ಅಷ್ಟೇ ದೊಡ್ಡದು: ಇಡೀ ರಾಜ್ಯದಿಂದ ಆಯ್ದ ಮಾದರಿಯಲ್ಲಿ ಒಂದು ತಾಲ್ಲೂಕಿನ ಒಳಗಿನ ಭಿನ್ನತೆ ಕಾಣುವುದಿಲ್ಲ. ಒಡಕಿನ ವಿಷಯವೋ ತಾಲ್ಲೂಕಿನ ಒಳಗೇ ಒಡೆಯುತ್ತದೆ.

ಎತ್ತಿನಹೊಳೆ ಯೋಜನೆ ಇದಕ್ಕೆ ಸಿಗುವ ಅತ್ಯಂತ ಸ್ಪಷ್ಟ ನಿದರ್ಶನ. ಸಕಲೇಶಪುರ ತಾಲ್ಲೂಕಿನಲ್ಲಿ ಹುಟ್ಟಿ ನೇತ್ರಾವತಿಗೆ ಸೇರುವ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗದಹಳ್ಳಗಳ 24.01 ಟಿಎಂಸಿ ಮಳೆಗಾಲದ ನೀರನ್ನು ಎತ್ತಿ, ಪೂರ್ವಕ್ಕೆ ತಿರುಗಿಸಿ, ಕೋಲಾರ–ಚಿಕ್ಕಬಳ್ಳಾಪುರದವರೆಗೆ 29 ತಾಲ್ಲೂಕುಗಳಿಗೆ ಕುಡಿಯಲು ಕೊಟ್ಟು 527 ಕೆರೆ ತುಂಬಿಸುವುದು ಉದ್ದೇಶ. 2012ರಲ್ಲಿ ಬಿಜೆಪಿ ಸರ್ಕಾರದ ಕಾಲದಲ್ಲಿ 8,323 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು; 2014ರ ಮಾರ್ಚಿನಲ್ಲಿ ಕಾಂಗ್ರೆಸ್ ಸರ್ಕಾರ ಶಂಕುಸ್ಥಾಪನೆ ಮಾಡಿತು; ಅಂದಾಜು ವೆಚ್ಚ ಆಮೇಲೆ 23,251 ಕೋಟಿ ಮುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಅಧ್ಯಯನ ಅಲ್ಲಿ ಸಿಗುವ ನೀರು 9.55 ಟಿಎಂಸಿ ಮಾತ್ರ ಎಂದಿತು. ಯೋಜನೆಯ ದೊಡ್ಡ ಪ್ರತಿಪಾದಕರಾದ ಎಂ. ವೀರಪ್ಪ ಮೊಯಿಲಿ ಕರಾವಳಿಯ ಮೂಡುಬಿದಿರೆ ಸೀಮೆಯವರು, ಆದರೆ ಆಗ ಚಿಕ್ಕಬಳ್ಳಾಪುರದ ಸಂಸದರು. ಅದೇ ಕಾಂಗ್ರೆಸ್ಸಿನ ಬಿ. ಜನಾರ್ದನ ಪೂಜಾರಿ ಮಂಗಳೂರಿನಲ್ಲಿ ಯೋಜನೆಯನ್ನು ವಿರೋಧಿಸಿದರು. ಯೋಜನೆಗೆ ಒಪ್ಪಿಗೆ ಕೊಟ್ಟ ಬಿಜೆಪಿಯ ಸಂಸದ ನಳಿನ್ ಕುಮಾರ್ ಕಟೀಲ್ ಕೂಡ ಕರಾವಳಿಯಲ್ಲಿ ವಿರೋಧದ ಮುಂಚೂಣಿಯಲ್ಲಿದ್ದರು. ರಾಜ್ಯದ ಮಟ್ಟದಲ್ಲಿ ಎರಡೂ ಪಕ್ಷ ಪರ. ಕರಾವಳಿಯಲ್ಲಿ ಎರಡೂ ಪಕ್ಷದ ನಾಯಕರು ವಿರೋಧ. ಒಂದೇ ಪಕ್ಷ ಘಟ್ಟದ ಮೇಲೊಂದು, ಕೆಳಗೊಂದು ಮಾತಾಡಿದಾಗ ಮತದಾರನಿಗೆ ಆ ವಿಷಯದ ಮೇಲೆ ಆಯ್ಕೆಯೇ ಉಳಿಯುವುದಿಲ್ಲ.

ಹಾಸನ ಜಿಲ್ಲೆಯಲ್ಲಿ ಈ ಸೀಳು ಇನ್ನೂ ಸೂಕ್ಷ್ಮ. ಸಕಲೇಶಪುರ ನೀರು ಮತ್ತು ಕಾಡು ಕೊಡುವ ತಾಲ್ಲೂಕು. ಬೇಲೂರು ನಾಲೆಗೆ ಜಮೀನು ಕೊಡುವ ತಾಲ್ಲೂಕು. ಅರಸೀಕೆರೆ ಜಮೀನೂ ಕೊಟ್ಟು ನೀರನ್ನೂ ಎದುರು ನೋಡುವ ತಾಲ್ಲೂಕು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾದಾಗ ಪೂರ್ವದ ನಾಲೆ ಇನ್ನೂ ಮುಗಿದಿರಲಿಲ್ಲ. ಎತ್ತಿದ ನೀರನ್ನು ನಡುವೆಯೇ ಹಳೇಬೀಡಿನ ಕಡೆಯಿಂದ ವೇದಾವತಿ ಕಣಿವೆಗೆ ಬಿಟ್ಟು ವಾಣಿವಿಲಾಸ ಸಾಗರಕ್ಕೆ ಹರಿಸುವ ಏರ್ಪಾಡಾಯಿತು. ಹಳೇಬೀಡಿನವರಿಗೆ ನೀರು ಹಳೆಯ ನೋವು. ಹೊಯ್ಸಳರ ರಾಜಧಾನಿಗೆ ಹೆಸರು ಕೊಟ್ಟ ದ್ವಾರಸಮುದ್ರ ಕೆರೆ ದೇವಾಲಯದ ಪಕ್ಕದಲ್ಲೇ ವರ್ಷಗಟ್ಟಲೆ ಒಣಗಿ ಬಿದ್ದಿದ್ದುಂಟು, ಹತ್ತಿರದಲ್ಲೇ ಬೇಲೂರಿನ ಬಳಿ ಯಗಚಿ ಅಣೆಕಟ್ಟು ಇದ್ದರೂ. ಯಗಚಿಯಿಂದ ರಣಘಟ್ಟದ ಮೂಲಕ ನೀರು ತನ್ನಿ ಎಂದು ರೈತರೂ ಪುಷ್ಪಗಿರಿ ಮಠವೂ ಹೋರಾಡಿದ ಮೇಲೆ ಎಚ್.ಡಿ. ಕುಮಾರಸ್ವಾಮಿ ಸರ್ಕಾರ 2019ರ ಬಜೆಟ್ಟಿನಲ್ಲಿ 100 ಕೋಟಿ ರೂಪಾಯಿ ಘೋಷಿಸಿತು. ಇಲ್ಲಿ ಗಮನಿಸಬೇಕಾದ ರೂಪಾಂತರವೊಂದಿದೆ. ಯಾರ ನೀರು ಯಾರಿಗೆ ಎಂಬ ಒಡಕಿನ ಪ್ರಶ್ನೆ ಊರಿನ ಮಟ್ಟಕ್ಕೆ ಇಳಿಯುವಷ್ಟರಲ್ಲಿ ನಮ್ಮ ಕೆರೆಗೆ ನೀರು ಯಾರು ತಂದಾರು ಎಂಬ ಒಮ್ಮತದ ಪ್ರಶ್ನೆಯಾಗಿ ಬದಲಾಗುತ್ತದೆ. ಆಗ ಎಲ್ಲ ಪಕ್ಷಗಳೂ ಒಂದೇ ಉತ್ತರ ಕೊಡಬಹುದು, ನೀರು ಕಳೆದುಕೊಳ್ಳುವವನ ಮಾತು ಮಾತ್ರ ಕೇಳದೆ ಹೋಗುತ್ತದೆ.

ಬೇಲೂರಿನ ಇನ್ನೊಂದು ಪ್ರಕರಣದಲ್ಲಿ ಮಿಲ್ಲರ್ ಕಾಲದ ಪದ್ಧತಿಯೇ ಮರಳಿತು. ಚೆನ್ನಕೇಶವನ ರಥೋತ್ಸವದ ಆರಂಭದಲ್ಲಿ ಖಾಜಿಯವರು ಕುರಾನ್ ಪಠಿಸುವ ವಾಡಿಕೆಯನ್ನು ನಿಲ್ಲಿಸಬೇಕೆಂದು 2023ರಲ್ಲಿ, ಚುನಾವಣೆಯ ಹೊಸ್ತಿಲಲ್ಲೇ, ಕೆಲವು ಸಂಘಟನೆಗಳು ಒತ್ತಾಯಿಸಿದವು. ಅಧಿಕಾರದಲ್ಲಿದ್ದ ಬಿಜೆಪಿ ಸರ್ಕಾರ ನೇರ ತೀರ್ಮಾನ ಹೇಳಲಿಲ್ಲ. ಮುಜರಾಯಿ ಇಲಾಖೆ ಆಗಮ ಪಂಡಿತರ ಅಭಿಪ್ರಾಯ ಪಡೆಯಿತು. ಕೊನೆಗೆ ಪಠಣ ನಿಲ್ಲಲಿಲ್ಲ, ನಡೆಯುವ ಜಾಗ ಬದಲಾಯಿತು. ಸ್ಥಳೀಯ ಬಾಂಧವ್ಯಕ್ಕೆ ಇದರಿಂದ ಆದದ್ದೇನು ಎಂಬುದು ಮತಗಳ ಲೆಕ್ಕಕ್ಕಿಂತ ಮುಖ್ಯವಾದ ಪ್ರಶ್ನೆ.

ಮತದಾರರ ಕಡೆಯಿಂದ ನೋಡಿದರೆ ಬೇಲೂರು, ಅರಸೀಕೆರೆ ಎಂಬ ಎರಡು ಕ್ಷೇತ್ರಗಳು ಪಕ್ಷನಿಷ್ಠೆಯ ಸಿದ್ಧಾಂತಕ್ಕೆ ಸುಲಭವಾಗಿ ಒಗ್ಗುವುದಿಲ್ಲ. 2008ರವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಬೇಲೂರು ಸಾಮಾನ್ಯ ಕ್ಷೇತ್ರವಾದ ಮೇಲೆ 2013ರಲ್ಲಿ ಕಾಂಗ್ರೆಸ್, 2018ರಲ್ಲಿ ಜೆಡಿಎಸ್, 2023ರಲ್ಲಿ ಬಿಜೆಪಿಯನ್ನು ಗೆಲ್ಲಿಸಿತು. ಅರಸೀಕೆರೆಯಲ್ಲಿ ಕೆ.ಎಂ. ಶಿವಲಿಂಗೇಗೌಡರು 2008, 2013, 2018ರಲ್ಲಿ ಜೆಡಿಎಸ್‌ನಿಂದಲೂ 2023ರಲ್ಲಿ ಕಾಂಗ್ರೆಸ್ಸಿನಿಂದಲೂ ಗೆದ್ದರು. ಒಂದು ಕಡೆ ಪಕ್ಷ ಬದಲಾಗುತ್ತಿದೆ. ಇನ್ನೊಂದು ಕಡೆ ಪಕ್ಷ ಬದಲಾದರೂ ಶಾಸಕ ಬದಲಾಗುತ್ತಿಲ್ಲ. ಪಕ್ಷಗಳ ನಿಲುವೂ ಸ್ಥಿರವಲ್ಲ: ಕೃಷಿಕರಲ್ಲದವರೂ ಹೊಲ ಕೊಳ್ಳಲು ಅವಕಾಶ ಕೊಟ್ಟ 2020ರ ಭೂಸುಧಾರಣಾ ತಿದ್ದುಪಡಿಯನ್ನು ಮೊದಲು ಟೀಕಿಸಿದ್ದ ಜೆಡಿಎಸ್, ಡಿಸೆಂಬರಿನಲ್ಲಿ ವಿಧಾನ ಪರಿಷತ್ತಿನಲ್ಲಿ ಅದನ್ನು ಬೆಂಬಲಿಸಿತು. 2023ರ ಸೆಪ್ಟೆಂಬರಿನಲ್ಲಿ ಆ ಪಕ್ಷ ಬಿಜೆಪಿಯ ಮೈತ್ರಿಕೂಟಕ್ಕೇ ಸೇರಿತು. ಇಂಥಲ್ಲಿ ಮತದಾರ ನಿಲುವಿಗಿಂತ ಕೈಗೆ ಸಿಗುವ ವ್ಯಕ್ತಿಯನ್ನು ನಂಬುವುದು ಅವಿವೇಕವಲ್ಲ.

ಮೌನವೂ ಒಂದು ನಿಲುವು ಎಂಬುದನ್ನು ಈ ಅಧ್ಯಯನಗಳು ಇನ್ನೂ ಸರಿಯಾಗಿ ಕೈಗೆತ್ತಿಕೊಂಡಿಲ್ಲ. ಬೇಲೂರು, ಹಳೇಬೀಡಿನ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಸೋಮನಾಥಪುರದ ಜೊತೆ ವಿಶ್ವ ಪಾರಂಪರಿಕ ಪಟ್ಟಿಗೆ ಸೇರಿದ್ದು ಎಲ್ಲ ಪಕ್ಷಗಳಿಗೂ ಹೆಮ್ಮೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿರ್ಬಂಧ ಎಂಬ ನಿಯಮದೊಳಗೆ ಮನೆ ಇರುವವರಿಗೆ ಗೋಡೆ ಎತ್ತಲೂ ಅನುಮತಿ ಬೇಕು. ಆ ಕಷ್ಟ ಯಾವ ಪಕ್ಷದ ಮುಖ್ಯ ಮಾತೂ ಆಗಿಲ್ಲ. ಬಿಕ್ಕೋಡು ಕಡೆಯ ಆನೆ ಹಾವಳಿಯಲ್ಲಿ ಪರಿಹಾರಧನದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆನೆ ಹಿಡಿದು ಸಾಗಿಸಬೇಕೆ, ದಾರಿ ಬಿಡಬೇಕೆ ಎಂಬ ಕಠಿಣ ಪ್ರಶ್ನೆಯನ್ನು ಅರಣ್ಯ ಇಲಾಖೆಗೂ ನ್ಯಾಯಾಲಯಕ್ಕೂ ಬಿಡಲಾಗಿದೆ.

ಮುಂದಿನ ಅಧ್ಯಯನಕ್ಕೆ ಬೇಕಾದ ಸಾಮಗ್ರಿ ಲಭ್ಯವಿದೆ. ಚುನಾವಣಾ ಆಯೋಗದ ಫಾರಂ 20ರಲ್ಲಿ ಪ್ರತಿ ಮತಗಟ್ಟೆಯ ಮತಗಳ ಲೆಕ್ಕ ಸಿಗುತ್ತದೆ. ಎತ್ತಿನಹೊಳೆ ನಾಲೆಗೆ ಜಮೀನು ಹೋದ ಊರುಗಳ ಮತಗಟ್ಟೆಗಳನ್ನೂ ನಾಲೆ ಮುಟ್ಟದ ಪಕ್ಕದ ಊರುಗಳ ಮತಗಟ್ಟೆಗಳನ್ನೂ 2013, 2018, 2023ರ ಮೂರು ಚುನಾವಣೆಗಳಲ್ಲಿ ಜೊತೆಗಿಟ್ಟು ಓದಿ, ಆ ಊರುಗಳಿಗೆ ಹೋಗಿ ಕೂತು ಕೇಳಿದರೆ, ಎಪ್‌ಸ್ಟೀನ್ ಮಂಡ್ಯದಲ್ಲಿ ಮಾಡಿದ ಹೋಲಿಕೆಯನ್ನು ಅರಸೀಕೆರೆ ಮತ್ತು ಬೇಲೂರಿನಲ್ಲಿ ಮತದ ಪ್ರಶ್ನೆಗೆ ಅನ್ವಯಿಸಿ ನೋಡಬಹುದು.