ಕೇಬಲ್ ಜಾಲದ ಹಿಮ್ಮುಖ ದಾರಿ

ಕೇಬಲ್ ಟಿವಿ ಹುಟ್ಟಿದ್ದೇ ಏಕಮುಖವಾಗಿ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ, ಒರೆಗಾನ್ ರಾಜ್ಯಗಳ ಕೆಲವು ಊರುಗಳಲ್ಲಿ ಎತ್ತರದ ಜಾಗ ನೋಡಿ ಆಂಟೆನಾ ನಿಲ್ಲಿಸಿ, ಸಿಕ್ಕ ಸಿಗ್ನಲನ್ನು ಕೊಆಕ್ಸಿಯಲ್ ಕೇಬಲ್‌ನಲ್ಲಿ ಮನೆಮನೆಗೆ ಹಂಚುತ್ತಿದ್ದರು. ಮನೆಯ ಕಡೆಯಿಂದ ಮರಳಿ ಬರಬೇಕಿದ್ದದ್ದು ತಿಂಗಳ ಬಾಡಿಗೆ ಮಾತ್ರ.

1972ರಲ್ಲಿ ಅಲ್ಲಿನ ಸಂಪರ್ಕ ಆಯೋಗವು ದೊಡ್ಡ 100 ಮಾರುಕಟ್ಟೆಗಳ ಹೊಸ ಜಾಲಗಳಿಗೆ ದ್ವಿಮುಖ ಸಾಮರ್ಥ್ಯ ಇರಲೇಬೇಕೆಂದಿತು. ಜಾಗ ಎಲ್ಲಿತ್ತು? ಅಮೆರಿಕದ 2ನೇ ಟಿವಿ ಚಾನೆಲ್ 54 ಮೆಗಾಹರ್ಟ್ಸ್‌ನಿಂದ ಶುರುವಾಗುತ್ತದೆ. ಅದರ ಕೆಳಗೆ ಉಳಿದಿದ್ದ ಕಿರಿದಾದ ಪಟ್ಟಿಯೇ ಹಿಮ್ಮುಖ ದಾರಿಯಾಯಿತು: ಮೊದಲು 5ರಿಂದ 30, ಮುಂದೆ 42 ಮೆಗಾಹರ್ಟ್ಸ್‌ವರೆಗೆ. ಯುರೋಪಿನಲ್ಲಿ ಅದು 65ರವರೆಗೆ ಹಬ್ಬಿತು. 1977ರ ಡಿಸೆಂಬರ್‌ನಲ್ಲಿ ವಾರ್ನರ್ ಕಂಪನಿ ಒಹಾಯೊದ ಕೊಲಂಬಸ್‌ನಲ್ಲಿ ತೆರೆದ ‘ಕ್ಯೂಬ್’ ಸೇವೆಯಲ್ಲಿ ವೀಕ್ಷಕರು ಗುಂಡಿ ಒತ್ತಿ ಟಿವಿಗೆ ಉತ್ತರ ಕೊಡುತ್ತಿದ್ದರು. ಆ ಕೆಲಸಕ್ಕೆ ಈ ಪಟ್ಟಿ ಧಾರಾಳವಾಗಿ ಸಾಕಿತ್ತು.

ಪಟ್ಟಿ ಕಿರಿದು ಮಾತ್ರವಲ್ಲ, ಕೊಳಕೂ ಹೌದು. ಶಾರ್ಟ್‌ವೇವ್ ರೇಡಿಯೊ, ಹ್ಯಾಮ್ ಪ್ರಸಾರ, 27 ಮೆಗಾಹರ್ಟ್ಸ್‌ನ ಸಿಬಿ ರೇಡಿಯೊ, ಮೋಟಾರುಗಳ ಕಿಡಿ ಎಲ್ಲ ಅಲ್ಲಿಗೇ ನುಗ್ಗುತ್ತವೆ. ಹೋಗುವ ಸಿಗ್ನಲ್ ಒಂದರಿಂದ ಹಲವಾಗಿ ಕವಲೊಡೆದರೆ, ಬರುವ ಸಿಗ್ನಲ್ ಹಲವು ಮನೆಗಳಿಂದ ಒಂದೆಡೆ ಸೇರುತ್ತದೆ. ಪ್ರತಿ ಮನೆಯ ಗದ್ದಲವೂ ಆಲಿಕೆಗೆ ಸುರಿದಂತೆ ಕೂಡಿಕೊಳ್ಳುತ್ತದೆ. ಒಂದು ಮನೆಯ ಸಡಿಲ ಕನೆಕ್ಟರ್ ನೂರಾರು ಮನೆಗಳ ಸಂಪರ್ಕ ಕೆಡಿಸಬಲ್ಲದು.

ಪರಿಹಾರ ಬಂದದ್ದು ಟಿವಿ ಚಿತ್ರದ ಗುಣಮಟ್ಟ ಸುಧಾರಿಸುವ ನೆಪದಲ್ಲಿ. 1980ರ ದಶಕದ ಕೊನೆಯಲ್ಲಿ ಜಿಮ್ ಚಿಡಿಕ್ಸ್ ಮತ್ತಿತರ ಎಂಜಿನಿಯರುಗಳು ಉದ್ದುದ್ದದ ಆಂಪ್ಲಿಫೈಯರ್ ಸಾಲನ್ನು ಕತ್ತರಿಸಿ, ಬಡಾವಣೆಯವರೆಗೆ ಆಪ್ಟಿಕಲ್ ಫೈಬರ್ ಎಳೆಯುವ ವಿನ್ಯಾಸ ರೂಪಿಸಿದರು. ಫೈಬರ್ ಮುಗಿದು ಕೊಆಕ್ಸಿಯಲ್ ಶುರುವಾಗುವಲ್ಲಿ ಕೂರುವುದೇ ಆಪ್ಟಿಕಲ್ ನೋಡ್. ಕಂಬಗಳ ನಡುವಿನ ತಂತಿಗೆ ತೂಗುಹಾಕಿದ, ನೀರು ಹೊಗದ ಅಲ್ಯೂಮಿನಿಯಂ ಪೆಟ್ಟಿಗೆ ಅದು. ಒಳಗೆ ಬೆಳಕನ್ನು ವಿದ್ಯುತ್ ಸಿಗ್ನಲ್ ಮಾಡುವ ರಿಸೀವರ್. ಮನೆಗಳಿಂದ ಬಂದದ್ದನ್ನು ಬೆಳಕಾಗಿಸಿ ಹಿಂದಕ್ಕೆ ಕಳಿಸುವ ರಿಟರ್ನ್ ಲೇಸರ್. ಎರಡು ದಿಕ್ಕುಗಳನ್ನು ಬೇರೆಯಾಗಿಡುವ ಡಿಪ್ಲೆಕ್ಸ್ ಫಿಲ್ಟರ್. ಸಾಮಾನ್ಯವಾಗಿ ನಾಲ್ಕು ಕವಲು. ಗದ್ದಲ ಯಾವ ಕವಲಿನದೆಂದು ಪತ್ತೆಹಚ್ಚಲು ಒಂದೊಂದನ್ನೇ ಕ್ಷಣಕಾಲ 6 ಡೆಸಿಬೆಲ್ ತಗ್ಗಿಸಿ ನೋಡುವ ಸ್ವಿಚ್ಚುಗಳನ್ನೂ ಮುಂದೆ ಅಳವಡಿಸಿದರು.

1997ರಲ್ಲಿ ಕೇಬಲ್ ಜಾಲದಲ್ಲಿ ಇಂಟರ್ನೆಟ್ ಡೇಟಾ ಸಾಗಿಸುವ ಡಾಕ್ಸಿಸ್ ಮಾನದಂಡ ಬಂದು ಕೇಬಲ್ ಮೋಡೆಮ್ ಹರಡಿದ ಮೇಲೆ ಕೊರತೆ ಬಯಲಾಯಿತು. 2001ರ ಡಾಕ್ಸಿಸ್ 2.0ರಲ್ಲೂ ಒಂದು ಅಪ್‌ಸ್ಟ್ರೀಮ್ (ಹಿಮ್ಮುಖ) ಚಾನೆಲ್‌ಗೆ ಸಿಗುತ್ತಿದ್ದದ್ದು ಸೆಕೆಂಡಿಗೆ ಸುಮಾರು 30 ಮೆಗಾಬಿಟ್; ಅದನ್ನು ಹಂಚಿಕೊಳ್ಳಬೇಕಾದವರು ನೋಡ್ ಕೆಳಗಿನ ಎಲ್ಲರೂ. ಪಟ್ಟಿ ಹಿಗ್ಗಿಸಲಾಗದೆ ಪಾಲುದಾರರನ್ನು ಕಡಿಮೆ ಮಾಡಿದರು. ಸಾವಿರ ಮನೆಗಳ ನೋಡ್‌ನ ನಾಲ್ಕು ಕವಲುಗಳಿಗೂ ಪ್ರತ್ಯೇಕ ರಿಟರ್ನ್ ಲೇಸರ್ ಕೊಟ್ಟರೆ ತಲಾ 250 ಮನೆಗೆ ಒಂದು ಪೂರ್ಣ ಪಟ್ಟಿ ಸಿಗುತ್ತದೆ. ಬೇರೆ ಬೇರೆ ತರಂಗಾಂತರದ ಬೆಳಕು ಬಳಸಿದರೆ ಹೊಸ ಫೈಬರ್ ಕೂಡ ಬೇಡ. ಅನಲಾಗ್ ಲೇಸರಿನ ಸಿಗ್ನಲ್ ದೂರ ಹೋದಷ್ಟೂ, ಬಿಸಿಲಿಗೆ ಪೆಟ್ಟಿಗೆ ಕಾದಷ್ಟೂ ಕೆಡುತ್ತಿದ್ದುದರಿಂದ ನೋಡ್‌ನಲ್ಲೇ ಅದನ್ನು ಅಂಕಿಗಳಾಗಿಸಿ ಕಳಿಸುವ ಡಿಜಿಟಲ್ ರಿಟರ್ನ್ ಬಂತು. ಎರಡು ಕವಲುಗಳ ಅಂಕಿಗಳನ್ನು ಒಂದೇ ಬೆಳಕಿನ ಮೇಲೆ ಹೆಣೆಯಲೂ ಅದರಿಂದ ಸಾಧ್ಯವಾಯಿತು. ನೋಡನ್ನು ಹೀಗೆ ಕವಲುಗಳಾಗಿ ಒಡೆದದ್ದು ಕಡಿಮೆ ಅಗೆತದಲ್ಲಿ ದೊಡ್ಡ ಲಾಭ ತಂದ ಉಪಾಯ.

ಅನಲಾಗ್ ಟಿವಿ ಚಾನೆಲ್‌ಗಳು ತೆರವಾದ ಮೇಲಷ್ಟೇ ಎರಡು ದಿಕ್ಕುಗಳ ನಡುವಿನ ಗಡಿಯನ್ನೇ ಸರಿಸುವ ಮಾತು ಗಟ್ಟಿಯಾಯಿತು. ಮಿಡ್-ಸ್ಪ್ಲಿಟ್ 85 ಮೆಗಾಹರ್ಟ್ಸ್‌ವರೆಗೆ, ಹೈ-ಸ್ಪ್ಲಿಟ್ 204ರವರೆಗೆ ಹೋಗುತ್ತದೆ, ಡಾಕ್ಸಿಸ್ 4.0 ಅದನ್ನು 684ಕ್ಕೆ ಏರಿಸಿತು. ರಿಮೋಟ್ ಫೈ ವಿನ್ಯಾಸದಲ್ಲಿ ಸಿಗ್ನಲ್ ಹೊರಡುವ ಮುಖ್ಯ ಕೇಂದ್ರವಾದ ಹೆಡ್‌ಎಂಡ್‌ನ ಕೆಲಸದ ಒಂದು ಭಾಗವೇ ನೋಡ್‌ಗೆ ಇಳಿದಿದೆ. ಆದರೆ ಗಡಿ ಸರಿಸಲು ನೋಡ್ ಬದಲಿಸಿದರೆ ಸಾಲದು, ಅದರ ಮುಂದಿನ ಪ್ರತಿ ಆಂಪ್ಲಿಫೈಯರಿನ ಫಿಲ್ಟರನ್ನೂ ಬದಲಿಸಬೇಕು. ಆ ಖರ್ಚಿನಿಂದಾಗಿಯೇ 2ನೇ ಚಾನೆಲ್ ನಿಗದಿಪಡಿಸಿದ 42 ಮೆಗಾಹರ್ಟ್ಸ್ ಗಡಿ ಅನಲಾಗ್ ಚಾನೆಲ್‌ಗಳು ಹೋದ ಮೇಲೂ ಎಷ್ಟೋ ಜಾಲಗಳಲ್ಲಿ ಹಾಗೆಯೇ ಉಳಿದುಕೊಂಡಿತು.