ಡಿಜಿಟಲ್ ಪಾತ್ರವಿವರ ಪತ್ರ

ಡಿಜಿಟಲ್ ಪಾತ್ರವಿವರ ಪತ್ರ ಅಥವಾ ಡಿಜಿಟಲ್ ಕ್ಯಾರೆಕ್ಟರ್ ಶೀಟ್ ಎಂಬುದು ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟಗಳಲ್ಲಿ ಆಟಗಾರನ ಪಾತ್ರದ ವಿವರಗಳನ್ನು ದಾಖಲಿಸುವ ಗಣಕೀಕೃತ ನಮೂನೆ. ಈ ಆಟಗಳನ್ನು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಕಾಗದದ ಪತ್ರವು ವಿವರಗಳನ್ನಷ್ಟೇ ಹಿಡಿದಿಡುತ್ತದೆ. ಡಿಜಿಟಲ್ ಪತ್ರವಾದರೋ ದಾಳವನ್ನು ಉರುಳಿಸಿ, ಕೂಡಬೇಕಾದ ಅಂಕಗಳನ್ನು ಕೂಡಿಸಿ, ಫಲಿತಾಂಶವನ್ನೂ ತೋರಿಸುತ್ತದೆ.

ಹಿನ್ನೆಲೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಈಗ ಈ ಆಟದಲ್ಲಿ 4, 6, 8, 10, 12 ಮತ್ತು 20 ಮುಖಗಳ ದಾಳಗಳು ಬಳಕೆಯಲ್ಲಿವೆ. ಪಗಡೆ, ಚೌಕಾಬಾರಗಳಲ್ಲಿ ಬಿದ್ದ ಗರದಷ್ಟೇ ಕಾಯಿ ನಡೆಯುತ್ತದೆ. ಇಲ್ಲಿ ಗರಕ್ಕೆ ಪಾತ್ರದ ಸಾಮರ್ಥ್ಯಕ್ಕೆ ತಕ್ಕ ಅಂಕವೂ ಸೇರುತ್ತದೆ. ಆದ್ದರಿಂದ ಪ್ರತಿ ಎಸೆತಕ್ಕೂ ಪತ್ರವನ್ನು ನೋಡಿ ಲೆಕ್ಕ ಮಾಡಬೇಕಾಗುತ್ತದೆ. 2012ರಲ್ಲಿ ಆರಂಭವಾದ 'ರೋಲ್20', 2017ರಲ್ಲಿ ಬಂದ 'ಡಿ ಅಂಡ್ ಡಿ ಬಿಯಾಂಡ್' ಮೊದಲಾದ ಅಂತರಜಾಲ ಸೇವೆಗಳು ಈ ಲೆಕ್ಕವನ್ನು ಗಣಕಕ್ಕೆ ವಹಿಸಿದವು.

ಕಾರ್ಯವಿಧಾನ

2014ರ ಐದನೆಯ ಆವೃತ್ತಿಯ ನಿಯಮಗಳನ್ನು ಉದಾಹರಣೆಯಾಗಿ ನೋಡಬಹುದು. ಸಾಮರ್ಥ್ಯದ ಅಂಕದಿಂದ 10ನ್ನು ಕಳೆದು, ಉಳಿದುದನ್ನು ಅರ್ಧ ಮಾಡಿದರೆ ಕೂಡುವ ಅಂಕ ದೊರೆಯುತ್ತದೆ. ಭಿನ್ನರಾಶಿ ಬಂದರೆ ಅದರ ಕೆಳಗಿನ ಪೂರ್ಣಾಂಕವನ್ನು ಹಿಡಿಯಬೇಕು. ಮೊದಲ ಹಂತದ ಯೋಧನೊಬ್ಬನ ದೈಹಿಕ ಬಲ 16 ಆಗಿದ್ದರೆ ಈ ಅಂಕ 3. ಪಳಗಿದ ಆಯುಧಕ್ಕೆ ಸಿಗುವ 2 ಸೇರಿ ಒಟ್ಟು 5. ಪರದೆಯ ಮೇಲೆ ಖಡ್ಗದ ಹೆಸರನ್ನು ಒತ್ತಿದಾಗ 20 ಮುಖದ ದಾಳದಲ್ಲಿ 12 ಬಿದ್ದರೆ, ಪತ್ರವು 17 ಎಂದು ತೋರಿಸುತ್ತದೆ. ಎದುರಾಳಿಯ ರಕ್ಷಣಾಂಕ 15 ಆಗಿದ್ದರೆ ಏಟು ತಾಗಿದಂತೆ. ಬಳಿಕ ಪೆಟ್ಟಿನ ಪ್ರಮಾಣಕ್ಕಾಗಿ 8 ಮುಖದ ದಾಳ ಉರುಳುತ್ತದೆ. ಅದಕ್ಕೆ 3 ಕೂಡುತ್ತದೆ. ಮೊದಲ ಎಸೆತದಲ್ಲೇ 20 ಬಿದ್ದರೆ ಪೆಟ್ಟಿನ ದಾಳಗಳು ಎರಡಾಗುತ್ತವೆ, ಆದರೆ 3 ಒಮ್ಮೆ ಮಾತ್ರ ಸೇರುತ್ತದೆ. ಹೊಸಬರು ತಪ್ಪುವ ಇಂಥ ಸೂಕ್ಷ್ಮಗಳನ್ನು ತಂತ್ರಾಂಶವು ತಾನಾಗಿ ಪಾಲಿಸುತ್ತದೆ.

ಯಾದೃಚ್ಛಿಕತೆ

ಗಣಕದ ದಾಳಕ್ಕೆ ಆಕಾರವಿಲ್ಲ. ಸಾಮಾನ್ಯವಾಗಿ ಗಣಿತಸೂತ್ರವೊಂದು ಸಂಖ್ಯೆಯನ್ನು ಹುಟ್ಟಿಸುತ್ತದೆ. ಪರದೆಯಲ್ಲಿ ಉರುಳುವ ದಾಳವು ಚಿತ್ರ ಮಾತ್ರ. ಸೂತ್ರವು ಸಮರ್ಪಕವಾಗಿದ್ದರೆ 20 ಮುಖಗಳಲ್ಲಿ ಪ್ರತಿಯೊಂದಕ್ಕೂ ಶೇ. 5ರಷ್ಟು ಸಂಭವನೀಯತೆ ಇರುತ್ತದೆ. ನಿರ್ದಿಷ್ಟ ಎರಡು ಎಸೆತಗಳಲ್ಲೂ 1 ಬೀಳುವ ಸಾಧ್ಯತೆ 400ರಲ್ಲಿ ಒಂದು. ನೂರಾರು ಎಸೆತಗಳ ಆಟದಲ್ಲಿ ಹೀಗಾಗುವುದು ಸಹಜವಾದುದರಿಂದ, ಅದೊಂದೇ ಮೋಸದ ಸಾಕ್ಷಿಯಾಗದು.

ಅನುಕೂಲ ಮತ್ತು ಮಿತಿಗಳು

ಬೇರೆ ಬೇರೆ ಊರುಗಳಲ್ಲಿರುವವರು ಒಟ್ಟಿಗೆ ಆಡುವಾಗ ಎಲ್ಲರ ಎಸೆತವೂ ಎಲ್ಲರಿಗೂ ಕಾಣುವಂತೆ ಮಾಡಬಹುದು. ಇದರಿಂದ ಪರಸ್ಪರ ನಂಬಿಕೆಗೆ ಆಧಾರ ಸಿಗುತ್ತದೆ. ದೃಷ್ಟಿಮಾಂದ್ಯವುಳ್ಳವರಿಗೂ ಲೆಕ್ಕದಲ್ಲಿ ತೊಡಕುಳ್ಳವರಿಗೂ ಇದು ನೆರವಾಗಬಲ್ಲದು. ಆದರೆ ಮೊತ್ತವು ಸಿದ್ಧವಾಗಿ ದೊರೆಯುವುದರಿಂದ ಅದು ಹೇಗೆ ಬಂತೆಂಬುದನ್ನು ಆಟಗಾರ ಅರಿಯದೇ ಉಳಿಯಬಹುದು. ಆಗ ಪತ್ರದಲ್ಲಿ ತಪ್ಪು ಅಂಕ ತುಂಬಿದ್ದರೂ ಗೊತ್ತಾಗುವುದಿಲ್ಲ.

ಪತ್ರದ ಮೇಲಿನ ಹಿಡಿತ ಇನ್ನೊಂದು ಪ್ರಶ್ನೆ. 2024ರ ಆಗಸ್ಟ್‌ನಲ್ಲಿ 'ಡಿ ಅಂಡ್ ಡಿ ಬಿಯಾಂಡ್' ಪತ್ರಗಳಲ್ಲಿದ್ದ ಹಳೆಯ ಮಂತ್ರಗಳ ಹಾಗೂ ಮಾಂತ್ರಿಕ ವಸ್ತುಗಳ ವಿವರಗಳ ಜಾಗದಲ್ಲಿ ಹೊಸ ನಿಯಮಾವಳಿಯ ವಿವರಗಳನ್ನು ಇರಿಸುವುದಾಗಿ ಪ್ರಕಟಿಸಲಾಯಿತು. ಬಳಕೆದಾರರ ವಿರೋಧ ವ್ಯಕ್ತವಾದ ಮೇಲೆ ಆ ನಿರ್ಧಾರವನ್ನು ಕೆಲವೇ ದಿನಗಳಲ್ಲಿ ಕೈಬಿಡಲಾಯಿತು. ಕಾಗದದ ಪತ್ರವನ್ನು ಆಟಗಾರನಲ್ಲದೆ ಬೇರೆಯವರು ದೂರದಿಂದ ತಿದ್ದಲಾರರು. ಈ ಕಾರಣದಿಂದ ಡಿಜಿಟಲ್ ಪತ್ರದ ಮುದ್ರಿತ ಪ್ರತಿಯೊಂದನ್ನು ಇಟ್ಟುಕೊಳ್ಳುವುದು ಉಪಯುಕ್ತ.