ಮರಿ ಬಿಡಿ, ತಾಯಿ ಹಿಡೀರಿ

ಸಾಳುವ ನರಸಿಂಹನ ಕಾಲದಲ್ಲಿ ಸತ್ತ ಕುದುರೆಗೂ ಬೆಲೆಯಿತ್ತು. ಹೊರ್ಮುಜ್‌, ಏಡನ್‌ ಕಡೆಯಿಂದ ಹಡಗಿನಲ್ಲಿ ಬರುವಾಗ ನಡುಗಡಲಲ್ಲಿ ಸತ್ತ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೆ ಸಾಕು, ಬದುಕಿ ಬಂದ ಕುದುರೆಗೆ ಕೊಡುವಷ್ಟೇ ಹಣವನ್ನು ಅರಸ ಎಣಿಸುತ್ತಿದ್ದನಂತೆ. ಸಾವಿರ ಪರ್ದಾವಿಗೆ ಮೂರು ಕುದುರೆ, ಸತ್ತದ್ದೋ ಬದುಕಿದ್ದೋ. ವಿಜಯನಗರದಲ್ಲಿ ಇದ್ದು ಹೋದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ಮಾತು ಇದು. ಮೊದಲ ಸಲ ಓದಿದಾಗ ನಕ್ಕಿದ್ದೆ. ಆಮೇಲೆ ಪಶುವೈದ್ಯನ ಬುದ್ಧಿ ಕೆಲಸ ಮಾಡಿತು. ಬಾಲಕ್ಕೆ ದುಡ್ಡು ಕೊಡುವ ನಾಡಿನಲ್ಲಿ ಮರಿ ಹುಟ್ಟಿಸಿ ಸಾಕುವವರು ಎಲ್ಲಿದ್ದರು?

ಇರಲಿಲ್ಲ ಅನ್ನುವುದೇ ನಿಜಕ್ಕೆ ಹತ್ತಿರ. 13ನೇ ಶತಮಾನದ ಕೊನೆಯಲ್ಲಿ ತಮಿಳು ಸೀಮೆಯ ಕರಾವಳಿಗೆ ಬಂದ ಮಾರ್ಕೋ ಪೋಲೋ ಅಲ್ಲಿಯ ಕುದುರೆಗಳ ಪಾಡು ನೋಡಿ ಮರುಗಿದ್ದಾನೆ. ಅವಕ್ಕೆ ಅನ್ನದ ಜೊತೆ ಬೇಯಿಸಿದ ಮಾಂಸ ತಿನ್ನಿಸುತ್ತಾರೆ, ಒಳ್ಳೆಯ ಹೆಣ್ಣು ಕುದುರೆಗೂ ಸೊಟ್ಟಗಾಲಿನ ಬಡಕಲು ಮರಿ ಹುಟ್ಟುತ್ತದೆ ಎಂದಿದ್ದಾನೆ. ಕುದುರೆ ತರುವ ವ್ಯಾಪಾರಿಗಳು ಬೇಕೆಂದೇ ಜೊತೆಗೆ ಲಾಳಗಾರರನ್ನು ಕರೆತರುವುದಿಲ್ಲ, ಕುದುರೆ ಸತ್ತಷ್ಟೂ ಅವರಿಗೆ ಲಾಭ ಎಂಬ ಚಾಡಿಯನ್ನೂ ಸೇರಿಸಿದ್ದಾನೆ. ಕನ್ನಡ ನಾಡಿನ ಕತೆಯೂ ಬಹಳ ಬೇರೆಯಲ್ಲ. ನಮ್ಮ ಶಾಸನಗಳಲ್ಲಿ ಕುದುರೆ ಸೆಟ್ಟಿಗಳು ಬರುತ್ತಾರೆ. ಹಂಪಿಯ ಹಜಾರ ರಾಮ ಗುಡಿಯ ಹೊರಗೋಡೆಯ ಮೇಲೆ, ಮಹಾನವಮಿ ದಿಬ್ಬದ ಮೇಲೆ ಸಾಲುಸಾಲಾಗಿ ಕುದುರೆಗಳು ನಡೆಯುತ್ತವೆ. ಹಿಡಿದು ನಡೆಸುವವರ ಉಡುಪು, ಟೋಪಿ ಎಲ್ಲ ಹೊರನಾಡಿನವು. ಮೂರು ಸಲ ಹೋಗಿ ಕತ್ತು ನೋಯುವಷ್ಟು ನೋಡಿದ್ದೇನೆ. ತಾಯಿಯ ಪಕ್ಕೆಗೆ ಅಂಟಿಕೊಂಡ ಒಂದು ಮರಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ದನದ ವಿಷಯಕ್ಕೆ ಬಂದರೆ ನಾವು ಬಡವರಲ್ಲ. ಚಾಲುಕ್ಯ ಮನೆತನದ ಕೀರ್ತಿವರ್ಮ 12ನೇ ಶತಮಾನದಲ್ಲೇ ‘ಗೋವೈದ್ಯ’ ಬರೆದ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಕರು ಹುಟ್ಟಿಸುವುದು, ಬೆಳೆಸುವುದು, ಕಾವಲುಗಳಲ್ಲಿ ಮೇಯಿಸುವುದು ಇಲ್ಲಿಯ ಗೊಲ್ಲರಿಗೆ ರಕ್ತದಲ್ಲೇ ಇತ್ತು. ಕುದುರೆಗೂ ಕನ್ನಡದಲ್ಲಿ ಪುಸ್ತಕ ಉಂಟು. ಅಭಿನವಚಂದ್ರನ ‘ಅಶ್ವವೈದ್ಯ’ ಸುಮಾರು 1400ರದ್ದು. ಔಷಧ ಇತ್ತು, ಬಾಣಂತಿ ಕೋಣೆ ಇರಲಿಲ್ಲ ಅಂತ ನಾನು ತಮಾಷೆ ಮಾಡುವುದುಂಟು.

ಆ ಕೋಣೆ ಕಟ್ಟಿದ್ದು ಕುಣಿಗಲ್‌ನಲ್ಲಿ. ಕುಣಿಗಲ್ ಅಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಕೆರೆಯ ಹಾಡು. ಕೆರೆಯಿಂದಾಚೆ ಊರಿನ ಇನ್ನೊಂದು ಹಿರಿಮೆ ನಾನೂರು ಎಕರೆ ಮೀರಿದ ಕುದುರೆ ಫಾರಂ. 18ನೇ ಶತಮಾನದ ಕೊನೆಯಲ್ಲಿ, ಹೈದರ್–ಟಿಪ್ಪು ಕಾಲದಲ್ಲಿ, ಸವಾರ ಪಡೆಗೆ ಬೇಕಾದ ಕುದುರೆಯನ್ನು ಕಡಲಾಚೆಯಿಂದ ತರಿಸುವ ಬದಲು ಇಲ್ಲೇ ಹುಟ್ಟಿಸೋಣ ಅಂತ ಶುರುವಾದದ್ದು. 1799ರ ನಂತರ ಕೈ ಬದಲಾಯಿತು, ಕಸುಬು ನಿಲ್ಲಲಿಲ್ಲ. ಮೈಸೂರಿನ ಸಿಲ್ಲೇದಾರರು, ಅಂದರೆ ಸ್ವಂತ ಕುದುರೆ ತಂದು ಚಾಕರಿಗೆ ನಿಲ್ಲುವ ಸವಾರರು, ಆಮೇಲೆ ಮೈಸೂರು ಲ್ಯಾನ್ಸರ್ಸ್ ಬಂದರು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರ ಜೊತೆ ಫಿರಂಗಿ, ಮೆಷಿನ್‌ಗನ್‌ಗಳ ಎದುರು ನುಗ್ಗಿದ್ದು ಇದೇ ಲ್ಯಾನ್ಸರ್ಸ್. 1953ರಲ್ಲಿ ಅವರ ಪಡೆ 61ನೇ ಕ್ಯಾವಲ್ರಿಯಲ್ಲಿ ಬೆರೆತುಹೋಯಿತು. ಕುಣಿಗಲ್‌ನ ಫಾರಂ 1992ರಲ್ಲಿ ಗುತ್ತಿಗೆಗೆ ಹೋಗಿ ರೇಸ್ ಕುದುರೆಗಳ ತವರಾಯಿತು. ಇದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ಸಿಗದೇ ಇರುವುದು, ಹುಟ್ಟಿದ ಮರಿಯನ್ನು ಗುಡುಗು, ಬೆಂಕಿ, ತುಪಾಕಿಯ ಸದ್ದಿನ ನಡುವೆ ಕೈಕಾಲು ಮುರಿಯದ ಹಾಗೆ ಉಳಿಸಿಕೊಂಡವರ ವಿದ್ಯೆ. ಅದು ಬರೆದ ವಿದ್ಯೆಯಲ್ಲ. ಲಾಯದಿಂದ ಲಾಯಕ್ಕೆ, ಅಪ್ಪನಿಂದ ಮಗನಿಗೆ ಹೋದದ್ದು, ಬಹುಪಾಲು ಉರ್ದು ಬೆರೆತ ಕನ್ನಡದಲ್ಲಿ. ಮುಂಗಾಲಿನ ಹಗ್ಗ ಅಗಾಡಿ, ಹಿಂಗಾಲಿನದು ಪಿಛಾಡಿ, ಮೈ ಉಜ್ಜುವುದು ಮಾಲೀಶು, ಗಂಡು ಮರಿ ಬಛೇರ, ಹೆಣ್ಣು ಮರಿ ಬಛೇರಿ. ನೋಡಿಕೊಳ್ಳುವವನು ಸಾಯಿಸ. ಮರಿಯ ಪ್ರಾಣ ಕಾಯುವವನಿಗೆ ಕನ್ನಡದ ಕಿವಿ ಎಂಥ ಹೆಸರು ಕಟ್ಟಿತು ನೋಡಿ!

ನಾನು ಕುದುರೆ ಫಾರಂ ಒಂದರಲ್ಲಿ ಕೆಲಸಕ್ಕೆ ಸೇರಿದ್ದು 1983ರಲ್ಲಿ. ಕುಣಿಗಲ್‌ ಅಲ್ಲ, ಬೇರೆ ಕಡೆ. ಹೆಸರು ಬೇಡ, ತಪ್ಪು ನನ್ನದೇ. ಹೆಬ್ಬಾಳದ ಕಾಲೇಜಿನಲ್ಲಿ ಕಲಿತದ್ದರಲ್ಲಿ ಮುಕ್ಕಾಲು ಹಸು, ಎಮ್ಮೆ, ಕುರಿ. ಕುದುರೆ ಅಂದರೆ ಪರೀಕ್ಷೆಯಲ್ಲಿ ಎರಡು ಪ್ರಶ್ನೆ. ರೇಸ್ ಕುದುರೆಗಳ ವಯಸ್ಸನ್ನು ಜನವರಿ 1ರಿಂದ ಎಣಿಸುತ್ತಾರೆ, ಹಾಗಾಗಿ ವರ್ಷದ ಮೊದಲಲ್ಲೇ ಮರಿ ಹಾಕಿಸುವ ಆತುರ. ಆದರೂ ಹನ್ನೊಂದು ತಿಂಗಳ ಬಸಿರು ನಮ್ಮ ಕ್ಯಾಲೆಂಡರ್ ಕೇಳುತ್ತದೆಯೇ? ಆ ವರ್ಷ ಒಂದು ಕಂದು ಕುದುರೆ ಏಪ್ರಿಲ್‌ನಲ್ಲಿ ಮರಿ ಹಾಕಿತು. ಅಶ್ವಿನಿ ಮಳೆಯ ಹೊತ್ತು. ನಕ್ಷತ್ರಕ್ಕೇ ಕುದುರೆಯ ಹೆಸರು, ಆದರೆ ಆ ಮಳೆ ಕುದುರೆಗಳ ಮೇಲೆ ಎಂದೂ ಕರುಣೆ ತೋರಿದ್ದಿಲ್ಲ.

ಮರಿಗೆ ಒಂಬತ್ತು ದಿನ. ಸಂಜೆ ಐದಕ್ಕೆ ಆಕಾಶ ಕಪ್ಪಾಗಿ, ಮೊದಲು ಗಾಳಿ, ಆಮೇಲೆ ಗೋಲಿ ಗಾತ್ರದ ಆಲಿಕಲ್ಲು. ಪಕ್ಕದ ಶೆಡ್ಡಿನ ಸತುವಿನ ತಗಡಿನ ಮೇಲೆ ಅದು ಬಿದ್ದ ಸದ್ದಿಗೆ ನಾನೇ ಬೆಚ್ಚಿದ್ದೆ. ತಾಯಿ ಮರಿ ಎರಡೂ ಬಯಲಿನಲ್ಲಿ. ಹಸುವಿನ ಮನೆಯಲ್ಲಿ ಹುಟ್ಟಿದವನ ತಲೆಗೆ ಹೊಳೆದದ್ದು ಒಂದೇ: ಮರಿಯನ್ನು ಹಿಡಿದು ಎಳೆದರೆ ತಾಯಿ ಹಿಂದೆ ಬರುತ್ತಾಳೆ. ಓಡಿಹೋಗಿ ಮರಿಯ ಮುಖದ ಹಗ್ಗಕ್ಕೆ ಕೈ ಹಾಕಿ ಎಳೆದೆ. ಅದು ಮುಂದೆ ಬರಲಿಲ್ಲ. ತಲೆ ಎತ್ತಿ, ಹಿಂದಕ್ಕೆ ಜಗ್ಗಿ, ಹಿಂಗಾಲ ಮೇಲೆ ನಿಂತು ಅಂಗಾತ ಬಿತ್ತು. ಬಿದ್ದದ್ದು ಕೆಸರಿನಲ್ಲಿ, ಅಷ್ಟು ಪುಣ್ಯ; ಕಲ್ಲಿನ ಮೇಲೆ ಬಿದ್ದಿದ್ದರೆ ನೆತ್ತಿ ಒಡೆಯುತ್ತಿತ್ತು. ಎದ್ದದ್ದೇ ಕಣ್ಣು ಕಾಣದೆ ಬೇಲಿಗೆ ನುಗ್ಗಿ ಎದೆಯ ಚರ್ಮ ಕಿತ್ತುಕೊಂಡಿತು. ತಾಯಿ ಕಿರುಚುತ್ತಾ ನನ್ನ ಸುತ್ತ ಗಿರಕಿ ಹೊಡೆಯುತ್ತಿತ್ತು.

ಆಗ ಬಂದರು ಲಾಯದ ಹಿರಿಯ ಸಾಯಿಸರು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಕೈಯಲ್ಲಿ ಹಗ್ಗ, ನಡಿಗೆಯಲ್ಲಿ ಮದುವೆ ಮನೆಗೆ ಹೊರಟವರ ನಿಧಾನ. ನನಗೆ ರೇಗಿತು. ಮಳೆಯಲ್ಲಿ ಈ ಮುದುಕ ಯಾಕೆ ಓಡುವುದಿಲ್ಲ?

‘ಸಾಬ್, ಮರಿ ಬಿಡಿ. ತಾಯಿ ಹಿಡೀರಿ’ ಅಂದರು. ನಾನು ಹಿಡಿಯುವುದಕ್ಕೆ ಕಾಯಲೂ ಇಲ್ಲ. ಕುದುರೆಯ ಹೆಗಲ ಪಕ್ಕಕ್ಕೆ ಹೋಗಿ, ಜೇಬಿನಿಂದ ನೆನೆಸಿದ ಹುರುಳಿ ಒಂದು ಹಿಡಿ ತೆಗೆದು ಬಾಯಿಗಿಟ್ಟರು. ಅದು ಮೊದಲು ಉಗುಳಿತು. ಇನ್ನೊಂದು ಹಿಡಿ. ಜೂಲು ಮುಗಿದು ಬೆನ್ನು ಶುರುವಾಗುವ ದಿಬ್ಬವನ್ನು ಉಗುರಿನಿಂದ ಕೆರೆಯುತ್ತಾ ಅಂದಿನ ಸಂತೆಯಲ್ಲಿ ಈರುಳ್ಳಿ ಎಷ್ಟಕ್ಕೆ ಇಳಿದಿದೆ ಅಂತ ಅದಕ್ಕೆ ಹೇಳತೊಡಗಿದರು. ಕುದುರೆ ಅಗಿಯಿತು. ತಾಯಿಯ ದವಡೆ ಆಡಿದ್ದು ಬೇಲಿಯ ಮೂಲೆಯಲ್ಲಿದ್ದ ಮರಿಗೆ ಹೇಗೆ ಗೊತ್ತಾಯಿತೋ, ಮೂರು ನಿಮಿಷದಲ್ಲಿ ಅದರ ಪಕ್ಕೆಗೆ ಬಂದು ಅಂಟಿತು.

ಕರು ಅಡಗುವ ಜಾತಿ, ಕುದುರೆ ಮರಿ ಹಿಂಬಾಲಿಸುವ ಜಾತಿ ಎಂಬುದು ನನಗೆ ಆಮೇಲೆ ಪುಸ್ತಕ ತಿರುವಿದಾಗ ಸ್ಪಷ್ಟವಾಯಿತು. ಹಸು ತನ್ನ ಕರುವನ್ನು ಪೊದೆಯಲ್ಲಿ ಮಲಗಿಸಿ ಮೇಯಲು ಹೋಗುತ್ತದೆ. ಕುದುರೆ ಹಾಗಲ್ಲ. ಮರಿ ಹುಟ್ಟಿದ ಒಂದು ಗಂಟೆಗೆಲ್ಲ ಎದ್ದು ನಿಲ್ಲುತ್ತದೆ, ಇನ್ನೊಂದು ಗಂಟೆಯಲ್ಲಿ ಮೊಲೆ ಹುಡುಕುತ್ತದೆ, ಕೆಲವೇ ಗಂಟೆಗಳಲ್ಲಿ ತಾಯಿಯ ಜೊತೆ ಓಡಬಲ್ಲದು. ಬಯಲಿನ ಪ್ರಾಣಿ, ಓಡುವ ಆ ಪಕ್ಕೆಯೇ ಅದರ ಮನೆ. ಪಕ್ಕೆಯಿಂದ ಬೇರೆ ಮಾಡಿದರೆ ಆಲಿಕಲ್ಲಿಗಿಂತ ದೊಡ್ಡ ಭಯ ಹುಟ್ಟಿಸಿದ ಹಾಗೆ. ತಲೆ ಹಿಡಿದು ಎಳೆದರಂತೂ ಹಿಂದಕ್ಕೆ ಜಗ್ಗುವುದು ಅದರ ಹುಟ್ಟುಗುಣ. ದನದ ನಾಡಿನ ಜಾಣರು ಇದೇ ತಪ್ಪನ್ನು ನನಗಿಂತ ಮುಂಚೆ ಎಷ್ಟು ಸಲ ಮಾಡಿದ್ದರೋ!

ಒಳಗೆ ಕರೆದೊಯ್ದ ಬಗೆಯೂ ಹೇಳಬೇಕು. ಚಾಚಾ ತಾಯಿಯನ್ನು ಹಿಡಿದು ಮುಂದೆ, ನಾನು ಮರಿಯೊಡನೆ ಅದರ ಪಕ್ಕದಲ್ಲೇ. ಒಂದು ತೋಳು ಮರಿಯ ಎದೆಗೆ ಅಡ್ಡ, ಇನ್ನೊಂದು ಹಿಂದೆ ತೊಡೆಗಳಿಗೆ ಅಡ್ಡ. ತೊಟ್ಟಿಲು ಹಿಡಿದ ಹಾಗೆ. ಎತ್ತುವ ಹಾಗಿಲ್ಲ, ಹೊಟ್ಟೆಗೆ ಕೈ ಕೊಡುವ ಹಾಗಿಲ್ಲ. ಹಿಂದಿನ ತೋಳು ಮೆಲ್ಲಗೆ ನೂಕುತ್ತದೆ, ಮುಂದಿನದು ತಡೆಯುತ್ತದೆ. ಐವತ್ತು ಕಿಲೋ ತೂಕದ ಆ ಮೈಯ ಎದೆಬಡಿತ ನನ್ನ ಮೊಣಕೈಗೆ ಹೊಡೆಯುತ್ತಿತ್ತು. ಬಾಗಿಲಲ್ಲಿ ನಾನು ಆತುರಪಟ್ಟೆ. ‘ತಾಯಿ ಪೂರಾ ಒಳಗೆ ತಿರುಗಿ ನಿಲ್ಲಲಿ’ ಅಂದರು. ಹೊಸ್ತಿಲಲ್ಲಿ ತಾಯಿ ಹಿಂದೆ ಸರಿದರೆ ಮರಿ ಬಾಗಿಲ ಕಂಬಕ್ಕೆ ಜಜ್ಜಿಹೋಗುತ್ತದೆ.

ಒಳಗೆ ಭತ್ತದ ಹುಲ್ಲು ಮೊಣಕಾಲು ಮಟ್ಟಕ್ಕೆ, ಗೋಡೆಯ ಅಂಚಿನಲ್ಲಿ ಇನ್ನೂ ದಪ್ಪ. ನೀರಿನ ಬಕೆಟ್ಟು ಹೊರಗೆ. ಸಣ್ಣ ಕಾಲು ಅದರಲ್ಲಿ ಸಿಕ್ಕಿದರೆ ಮುಗಿಯಿತು. ಎರಡು ಲಾಟೀನು ಹಚ್ಚಿಸಿದರು. ಯಾಕೆಂದು ಕೇಳಿದೆ. ಕತ್ತಲಲ್ಲಿ ಮಿಂಚು ಚೂರಿಯ ಹಾಗೆ ಬರುತ್ತದೆ, ಬೆಳಕಿನಲ್ಲಿ ಅದಕ್ಕೆ ಅಷ್ಟು ಮೊನಚಿಲ್ಲ ಅಂದರು. ಆಮೇಲೆ ಮೂಲೆಯಲ್ಲಿ ಕೂತು ಮತ್ತೆ ಈರುಳ್ಳಿಯ ಕತೆ. ಮರಿ ನಮ್ಮತ್ತ ಕತ್ತು ಚಾಚಿ ಬಾಯಿ ಪಚಪಚ ಅನ್ನಿಸಿತು. ದೊಡ್ಡ ಕುದುರೆಗಳೆದುರು ಮರಿಗಳು ಹಾಗೆ ಮಾಡುತ್ತವೆ, ‘ನಾನಿನ್ನೂ ಚಿಕ್ಕವನು, ಒದೆಯಬೇಡಿ’ ಅನ್ನುವ ಅರ್ಜಿ ಅದು. ಗುಡುಗು ದೂರವಾಗುವ ಹೊತ್ತಿಗೆ ಮೊಲೆಗೆ ಬಾಯಿ ಹಾಕಿತು. ಬೆಳಗ್ಗೆ ನಾನು ಗಾಯ ನೋಡಲು ಮರಿಯ ಕಡೆ ಹೋದರೆ ಚಾಚಾ ಬಗ್ಗಿ ತಾಯಿಯ ಕೆಚ್ಚಲು ನೋಡಿದರು. ಬಿಗಿದು ಹಾಲು ತೊಟ್ಟಿಕ್ಕುತ್ತಿದ್ದರೆ ಮರಿ ಕುಡಿದಿಲ್ಲ, ಏನೋ ಕೆಟ್ಟಿದೆ. ಸಡಿಲಾಗಿ ಒದ್ದೆಯಾಗಿತ್ತು. ‘ಹೊಲಿಗೆ ಹಾಕಿ ಈಗ’ ಅಂದರು.

ಹತ್ತು ವರ್ಷದ ಮೇಲೆ, 1993ರಲ್ಲಿ, ಫ್ರಾನ್ಸಿನ ಕಾಮಾರ್ಗ್ ಕುದುರೆಗಳ ಮೇಲೆ ಇಬ್ಬರು ಸಂಶೋಧಕರು ಒಂದು ಪ್ರಬಂಧ ಪ್ರಕಟಿಸಿದರು. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವ ಆ ಹೆಗಲ ದಿಬ್ಬವನ್ನು ಕೈಯಿಂದ ಕೆರೆದರೆ ಎದೆಬಡಿತ ಇಳಿಯುತ್ತದೆ, ದೊಡ್ಡವುಗಳಲ್ಲೂ ಮರಿಗಳಲ್ಲೂ. ಚಾಚಾ ಆಗ ಇರಲಿಲ್ಲ. ಇದ್ದಿದ್ದರೂ ಈರುಳ್ಳಿ ರೇಟಿನಷ್ಟು ಆಸಕ್ತಿ ತೋರಿಸುತ್ತಿದ್ದರು ಅನ್ನಿಸುವುದಿಲ್ಲ.

ಸದ್ದಿನ ಭಯ ಬಿಡಿಸುವ ಹಳೆಯ ಪದ್ಧತಿ ಈಗಲೂ ಬಯಲಲ್ಲಿ ನೋಡಲು ಸಿಗುವುದು ಮೈಸೂರಿನಲ್ಲಿ, ದಸರೆಗೆ ಮುಂಚೆ. ವಿಜಯದಶಮಿಯಂದು ಏಳು ಫಿರಂಗಿಗಳಿಂದ ಇಪ್ಪತ್ತೊಂದು ಕುಶಾಲತೋಪು ಹಾರಿಸುತ್ತಾರೆ. ಅದಕ್ಕೂ ಮೊದಲೇ ಆನೆಗಳನ್ನೂ ಅಶ್ವಾರೋಹಿ ಪಡೆಯ ಕುದುರೆಗಳನ್ನೂ ತಂದು ನಿಲ್ಲಿಸಿ ತಾಲೀಮು. ಮರಿಗಳಿಗೆ ಅಲ್ಲಿ ಜಾಗವಿಲ್ಲ, ಸರಿಯೇ. ಆದರೆ ಹೊಸಬರ ಪಕ್ಕ ಹಳಬರನ್ನು ನಿಲ್ಲಿಸುವುದನ್ನು ನೋಡಿದಾಗ ನನಗೆ ಆ ಕಂದು ಕುದುರೆಯ ಪಕ್ಕೆಯೇ ನೆನಪಾಗುತ್ತದೆ.

ನಿವೃತ್ತನಾದ ಮೇಲೆ ಒಂದು ವರ್ಷ ಹೋಗಿದ್ದೆ. ಸಾಲಿನ ನಡುವೆ ಎಳೆಯ ಹೆಣ್ಣು ಕುದುರೆಯೊಂದಿತ್ತು. ಮೊದಲ ತೋಪಿಗೆ ನಾಲ್ಕೂ ಕಾಲು ನೆಲ ಬಿಟ್ಟವು. ಮೇಲಿದ್ದ ಪೇದೆ ಹುಡುಗ ಲಗಾಮು ಎಳೆಯಲಿಲ್ಲ. ಬಗ್ಗಿ ಹೆಗಲ ದಿಬ್ಬ ಕೆರೆಯತೊಡಗಿದ, ತುಟಿ ಆಡುತ್ತಿತ್ತು, ಏನು ಹೇಳುತ್ತಿದ್ದನೋ ದೂರಕ್ಕೆ ಕೇಳಿಸಲಿಲ್ಲ. ಪಕ್ಕದ ಮುದಿ ಕುದುರೆ ಕಿವಿಯೊಂದನ್ನು ತಿರುಗಿಸಿ ಸುಮ್ಮನಾಯಿತು. ಎರಡನೆಯ ತೋಪಿಗೆ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಹುರುಳಿ ಇರಲಿಲ್ಲ, ಬಸ್ಸಿನ ಟಿಕೆಟ್ಟಿತ್ತು.